ಎರಡು ಬೆರಳು ದೊಡ್ಡ ಕಿರೀಟ

ಒಳ್ಳೆ ಪ್ರಶ್ನೆ ಕೇಳಿದೆ ನೋಡು. ನಮ್ಮ ಚರ್ಚಿನ ಮರಿಯಮ್ಮನ ಕಿರೀಟಕ್ಕೆ ಹಿಂದುಗಡೆ ಯಾಕೆ ಮಡಿಕೆ, ಅದಕ್ಕೆ ಯಾಕೆ ಪಿನ್ನು ಅಂತ. ಕೂತ್ಕೋ, ಹೇಳ್ತೀನಿ. ಮೊದಲು ಆ ಹೂವಿನ ಬುಟ್ಟಿ ಆಚೆ ಇಡು, ಅದರ ಮೇಲೇ ಕೂತೀಯ.

ಅದು ನನ್ನ ನಾದಿನಿಯ ಕೆಲಸ. ಅದೇ, ನಿಮ್ಮ ತಾತನ ತಂಗಿ. ಮಕ್ಕಳ ಬಟ್ಟೆ ಹೊಲಿಯುವವಳು. ಯಾವ ಮಗುವಿನ ಅಳತೆ ತೆಗೆದರೂ ಎರಡು ಬೆರಳು ಸಡಿಲ ಬಿಡುತ್ತಿದ್ದಳು. ಕೇಳಿದರೆ, "ಬೆಳೆಯೋ ಮಕ್ಕಳು, ಇರಲಿ." ನಿಮ್ಮಪ್ಪನಿಗೆ ಎರಡನೇ ಕ್ಲಾಸಿನಲ್ಲಿ ಹೊಲಿದ ಚಡ್ಡಿ ಸರಿಹೋದದ್ದು ನಾಲ್ಕನೇ ಕ್ಲಾಸಿಗೆ. ಅಲ್ಲಿಯವರೆಗೆ ಪಾಪ, ಒಂದು ಕೈಯಲ್ಲಿ ಅದನ್ನೇ ಹಿಡಿದುಕೊಂಡು ಓಡಾಡಿದ. ಊರೆಲ್ಲ ಅವಳನ್ನು ಎರಡ್ಬೆರಳಕ್ಕ ಅಂತಲೇ ಕರೆಯುತ್ತಿತ್ತು. ಏನು ಹೇಳುತ್ತಿದ್ದೆ? ಹಾಂ, ಕಿರೀಟ.

ಮೇ ತಿಂಗಳಲ್ಲಿ ಮಕ್ಕಳು ಹೂ ಹಿಡಿದು ಸಾಲಾಗಿ ಬಂದು, ಕೊನೆಗೆ ಒಂದು ಮಗು ಸ್ಟೂಲು ಹತ್ತಿ ಮರಿಯಮ್ಮನಿಗೆ ಕಿರೀಟ ಇಡುತ್ತದಲ್ಲ? ಒಂದು ವರ್ಷ ಆ ಕಿರೀಟ ಹೊಲಿಯುವುದು ಮೊದಲ ಸಲ ಇವಳ ಪಾಲಿಗೆ ಬಂತು. ಬಿಳಿ ಪಟ್ಟಿ, ಅದರ ಸುತ್ತ ಹೂ. "ಹೊಲೀತೀನಿ, ಆದ್ರೆ ಇಡೋದು ಬೇಕರಿಯವನ ಮಗಳು" ಅಂದಳು. ಆ ಹುಡುಗಿಯೋ, ನಾಲ್ಕು ಜನ ನೋಡಿದರೆ ಬಾಗಿಲ ಹಿಂದೆ ಸೇರುವವಳು.

ಸಿಸ್ಟರ್ ಒಪ್ಪಲಿಲ್ಲ. "ಎಲ್ಲರೆದುರು ಏನಾದ್ರೂ ಎಡವಟ್ಟಾದ್ರೆ ಆ ಮಗು ಜನ್ಮದಲ್ಲಿ ಮುಂದೆ ಬಂದು ನಿಲ್ಲಲ್ಲ."

"ನಾನಿದೀನಲ್ಲ ಸಿಸ್ಟರ್. ಅವಳಿಗೆ ಬಾಯಿ ನಡುಗುತ್ತೆ, ಕೈ ನಡುಗಲ್ಲ."

ಕೊನೆಗೆ ಆ ದಿನ ಹುಡುಗಿಯೇ ಸ್ಟೂಲು ಹತ್ತಿದಳು. ನೆಟ್ಟಗೆ ಇಟ್ಟಳು. ಕಿರೀಟ ನಿಲ್ಲಲಿಲ್ಲ. ಹಣೆ ದಾಟಿತು, ಕಣ್ಣು ಮುಚ್ಚಿತು, ಮೂಗಿನ ಮೇಲೆ ಹೋಗಿ ಕೂತಿತು. ಹಿಂದೆ ಯಾರೋ ಕಿಸಕ್ಕೆಂದರು, ಮಕ್ಕಳ ಸಾಲೆಲ್ಲ ನಕ್ಕಿತು. ಹುಡುಗಿ ಎತ್ತಿದ ಕೈ ಇಳಿಸದೆ ನಿಂತೇ ಇದ್ದಳು, ಗಲ್ಲ ಅದುರುತ್ತಿತ್ತು.

"ನಾನು ಬೇಡ ಅಂದಿದ್ದೆ" ಅಂದರು ಸಿಸ್ಟರ್.

ನನ್ನ ನಾದಿನಿ ಹಿಂದಿನ ಬೆಂಚಿನಿಂದ ಎದ್ದು ಸಾಲುಗಳ ನಡುವೆಯೇ ನಡೆದು ಬಂದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬೇಡಿ. ತಪ್ಪು ನನ್ದು. ಅಭ್ಯಾಸ ನೋಡಿ, ಮರಿಯಮ್ಮನಿಗೂ ಬೆಳೆಯೋಕೆ ಜಾಗ ಬಿಟ್ಟಿದೀನಿ."

ಮೊದಲು ನಕ್ಕವರು ಫಾದರ್. ಈ ಸಲದ ನಗುವೇ ಬೇರೆ.

ಅವಳು ತಾನು ಸ್ಟೂಲು ಹತ್ತಲಿಲ್ಲ. ಕಾಲರಿಗೆ ಚುಚ್ಚಿಕೊಂಡಿದ್ದ ಪಿನ್ನು ತೆಗೆದು ಹುಡುಗಿಯ ಕೈಗೆ ಕೊಟ್ಟಳು. "ಇಟ್ಟವಳು ನೀನು, ನೀನೇ ಸರಿಮಾಡು. ಹಿಂದೆ ಒಂದು ಮಡಿಕೆ ಹಾಕು. ಅಷ್ಟೇ, ಚುಚ್ಚು."

ಚುಚ್ಚಿದಳು. ಕೈ ನಡುಗಲಿಲ್ಲ. ಆಮೇಲೆ ನಮ್ಮ ಕಡೆ ತಿರುಗಿ, ಕೊನೆಯ ಬೆಂಚಿಗೂ ಕೇಳುವ ಹಾಗೆ, "ಈಗ ಬೀಳಲ್ಲ" ಅಂದಳು.

ಮರುವರ್ಷ ಸರಿಯಾದ ಅಳತೆಯ ಕಿರೀಟ ಹೊಲಿದರೆ ಮಕ್ಕಳು ಒಪ್ಪಬೇಕಲ್ಲ? ಪಿನ್ನು ಚುಚ್ಚುವುದೂ ಬೇಕಂತೆ. ಅಂದಿನಿಂದ ಎರಡು ಬೆರಳು ದೊಡ್ಡದೇ. ಆ ಹುಡುಗಿ ಯಾರು ಗೊತ್ತಾ? ನಿಮಗೆ ಹಾಡು ಕಲಿಸುವ ಟೀಚರ್. ಮೂರು ಬೀದಿಗೆ ಕೇಳುವ ಗಂಟಲಿದೆಯಲ್ಲ, ಅವಳೇ.

ಈಗ ಏಳು. ಅಂಗಡಿಯಿಂದ ಒಂದು ಡಬ್ಬಿ ಗುಂಡುಪಿನ್ನು ತಗೊಂಡು ಅವಳಿಗೆ ಕೊಡು. ನನ್ನ ನಾದಿನಿಗಪ್ಪ, ಟೀಚರಿಗಲ್ಲ. ಹಾಗೇ ಅಲ್ಲಿರೋ ಸೂಜಿಗೆಲ್ಲ ದಾರ ಪೋಣಿಸಿಟ್ಟು ಬಾ. ಅವಳಿಗೀಗ ಕಣ್ಣು ಮಂಜು, ಆದರೆ ಬಾಯಿಬಿಟ್ಟು ಕೇಳೋಳಲ್ಲ.