ಬೆಸುಗೆ ಒಡೆದ ಚಲುವಯ್ಯ

ಚಲುವಯ್ಯನ ಸಿಟ್ಟು ನಾಗಮಂಗಲದಿಂದ ಪಾಂಡವಪುರದವರೆಗೆ ಮಣ್ಣು ಕೆಲಸದವರಿಗೆಲ್ಲ ಗೊತ್ತಿತ್ತು. ಹಾಗಂತ ಅವನು ಕಂಡಕಂಡದ್ದಕ್ಕೆಲ್ಲ ರೇಗುವವನಲ್ಲ. ಮುದ್ದೆ ಗಂಟಾಗಿದ್ದರೂ ಮಾತಿಲ್ಲದೆ ನುಂಗುತ್ತಿದ್ದ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತಾನೇ ಸರಿದು ಜಾಗ ಕೊಡುತ್ತಿದ್ದ. ಆದರೆ ಮೆಷಿನ್ನಿನಲ್ಲಿ ಏನೋ ಕೆಟ್ಟಿದೆ ಎಂದು ಗೊತ್ತಿದ್ದೂ ಯಾರಾದರೂ “ನಡೀತದೆ ಬುಡು” ಎಂದರೆ ಮಾತ್ರ ಅವನ ಕಣ್ಣು ಕೆಂಪಾಗುತ್ತಿತ್ತು. ಆಮೇಲೆ ಎದುರಿಗಿರುವವನು ಯಜಮಾನನೋ ಇಂಜಿನಿಯರೋ ಸ್ವಂತ ಬಾಮೈದನೋ ಎಂದು ನೋಡುತ್ತಿರಲಿಲ್ಲ.

ಆ ಸಿಟ್ಟಿಗೆ ಒಂದು ಮೂಲ ಇತ್ತು. ಬೆಳ್ಳೂರು ಪಕ್ಕದ ಹಳ್ಳಿಯವನಾದ ಅವನು ಮೀಸೆ ಚಿಗುರುವ ವಯಸ್ಸಿನಲ್ಲೇ ಕೆ.ಆರ್. ಪೇಟೆ ಕಡೆಯ ಕಾಲುವೆ ಕೆಲಸಕ್ಕೆ ಸೇರಿ, ಕಬ್ಬಿಣದ ಚೈನಿನ ಮೇಲೆ ಓಡುವ ಮಣ್ಣಿನ ಮೆಷಿನ್ನಿನ ಡ್ರೈವರು ನರಸಯ್ಯನ ಕೈಕೆಳಗೆ ಕ್ಲೀನರ್ ಆಗಿದ್ದ. ನರಸಯ್ಯ ಗಟ್ಟಿಯಾಗಿ ಮಾತಾಡಿದ್ದನ್ನು ಕಂಡವರಿಲ್ಲ. ಒಂದು ಬೆಳಿಗ್ಗೆ ಅವನು ಮೇಸ್ತ್ರಿಗೆ “ಚೈನು ಬಾಳ ಸಡ್ಲ ಆಗದೆ, ಇಳಿಜಾರಲ್ಲಿ ಕಳಚ್ಕೋತದೆ” ಎಂದ. ಮೇಸ್ತ್ರಿ “ನಡೀತದೆ ಬುಡು” ಎಂದ. ಮಧ್ಯಾಹ್ನದ ಹೊತ್ತಿಗೆ ಕಾಲುವೆಯ ಇಳಿಜಾರಿನಲ್ಲಿ ಚೈನು ಕಳಚಿ, ಮೆಷಿನ್ನು ಜಾರಿ, ಮಗುಚಿ ನರಸಯ್ಯನ ಮೇಲೆ ಬಿತ್ತು.

ಸಾವಿಗಿಂತ ಚಲುವಯ್ಯನನ್ನು ಸುಟ್ಟದ್ದು ಆಮೇಲಿನ ಮಾತು. ಡ್ರೈವರು ಕುಡಿದಿದ್ದ ಎಂದು ಕಾಲುವೆ ಕೆಲಸದ ಕಂತ್ರಾಟುದಾರ ಎಲ್ಲರ ಮುಂದೆ ಹೇಳಿದ. ಹಬ್ಬದ ದಿನವೂ ಹೆಂಡ ಮುಟ್ಟದವನು ನರಸಯ್ಯ. ಬೆಳಿಗ್ಗೆ ನಡೆದದ್ದನ್ನು ಚಲುವಯ್ಯ ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಕ್ಲೀನರನ ಮಾತನ್ನು ಯಾರು ಕೇಳುತ್ತಾರೆ? ನರಸಯ್ಯನ ಹೆಂಡತಿ ಕುಳ್ಳಮ್ಮ ಅಂದಿನಿಂದ ನೀರಿನ ಬಾವಿಯ ಹತ್ತಿರ, ಮದುವೆ ಮನೆಗಳಲ್ಲಿ, ಎಲ್ಲ ಕಡೆ ಕುಡುಕನ ಹೆಂಡತಿಯಾದಳು.

ತೊಂಬತ್ತನಾಲ್ಕರ ಬೇಸಿಗೆಯಲ್ಲಿ ಶಿವಲಿಂಗಯ್ಯ ಎಂಬುವರು ಶೀಳನೆರೆ ಕಡೆಯ ಒಂದು ಕೆರೆಯ ಏರಿ ಎತ್ತರಿಸುವ ಕಂತ್ರಾಟು ಹಿಡಿದರು. ಅಷ್ಟರಲ್ಲಿ ಚಲುವಯ್ಯ ಅವರ ಹಳೆಯ ಲೋಡರಿಗೆ ಡ್ರೈವರಾಗಿದ್ದ. ಮುಂದೆ ಬಕೆಟ್ಟು, ಟೈರಿನ ಬದಲು ಎರಡೂ ಪಕ್ಕ ಕಬ್ಬಿಣದ ಚೈನು ಇದ್ದ ಮುದಿ ಮೆಷಿನ್ನು ಅದು. ಹೆಂಡತಿ ಪುಟ್ಟಲಕ್ಷ್ಮಮ್ಮನ ತಮ್ಮ ಧರ್ಮೇಂದ್ರನನ್ನೂ ಅವನೇ ಕೆಲಸ ಕಲಿಸಿ ಅಲ್ಲಿಗೆ ಕ್ಲೀನರ್ ಆಗಿ ಸೇರಿಸಿದ್ದ. ಹೊಸದಾಗಿ ಮದುವೆಯಾಗಿದ್ದ ಧರ್ಮೇಂದ್ರನಿಗೆ ಡ್ರೈವರ್ ಸೀಟಿನ ಮೇಲೆ ಕೂರುವ ಆಸೆ ಬಹಳ.

ಕೆಲಸ ಶುರುವಾಗಿ ಸ್ವಲ್ಪ ದಿನಕ್ಕೇ ಎಡಗಡೆಯ ಚೈನು ಜೋತುಬಿದ್ದು ಲಟಲಟ ಸದ್ದು ಮಾಡತೊಡಗಿತು. ಚೈನನ್ನು ಬಿಗಿಯಾಗಿಡುವುದು ಅದರ ಮುಂದಿನ ಚಕ್ರ. ಆ ಚಕ್ರದ ಹಿಂದೊಂದು ಸಿಲಿಂಡರು. ಅದಕ್ಕೆ ಗ್ರೀಸು ಒತ್ತಿದರೆ ಚಕ್ರ ಮುಂದೆ ಸರಿಯುತ್ತದೆ, ಚೈನು ಬಿಗಿಯುತ್ತದೆ. ಚಲುವಯ್ಯ ಬೆಳಿಗ್ಗೆ ಗ್ರೀಸು ಒತ್ತಿದರೆ ಊಟದ ಹೊತ್ತಿಗೆ ಮತ್ತೆ ಸಡಿಲ. ಒಳಗೆ ಗ್ರೀಸು ತಡೆಯುವ ರಬ್ಬರಿನ ಸೀಲು ಹೋಗಿ ಗ್ರೀಸೆಲ್ಲ ಸೋರಿ ಮಣ್ಣಿಗೆ ಬೀಳುತ್ತಿತ್ತು.

“ಸೀಲು ತರ್ಬೇಕು. ಅಲ್ಲೀಗಂಟ ಮೆಷಿನ್ನು ಏರಿ ಅತ್ಬಾರ್ದು ಯಜಮಾನ್ರೆ” ಎಂದ ಚಲುವಯ್ಯ.

“ಬೇಗ ತಗಂಡು ಬಾ” ಎಂದರು ಶಿವಲಿಂಗಯ್ಯ ಮುಖ ಗಂಟಿಕ್ಕಿ.

ಅವನು ಬಸ್ಸು ಹತ್ತಿ ಮೈಸೂರಿಗೆ ಹೋದ. ಆ ಮುದಿ ಮೆಷಿನ್ನಿನ ಸೀಲು ಅಂಗಡಿಯಿಂದ ಅಂಗಡಿಗೆ ಅಲೆದರೂ ಸಿಗದೆ, ಮರುದಿನ ಬೆಳಿಗ್ಗೆ ಒಬ್ಬ ಗುಜರಿಯವನ ಹತ್ತಿರ ಹೊಸದೇ ಒಂದು ಸಿಕ್ಕಿತು. ಶ್ರೀರಂಗಪಟ್ಟಣ, ಪಾಂಡವಪುರ ದಾಟಿ ಬರುವಾಗ ಅದನ್ನು ಕಾಗದದಲ್ಲಿ ಸುತ್ತಿ ಮಡಿಲಲ್ಲೇ ಇಟ್ಟುಕೊಂಡಿದ್ದ. ಕೆರೆಯ ದಾರಿಯಲ್ಲಿ ಬಸ್ಸಿಳಿದು ನಡೆಯುತ್ತಿದ್ದಂತೆ ಇಂಜಿನ್ನಿನ ಸದ್ದು ಕಿವಿಗೆ ಬಿತ್ತು. ತನ್ನ ಮೆಷಿನ್ನಿನದೇ. ಅವನು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ.

ಏರಿಯ ಇಳಿಜಾರಿನಲ್ಲಿ ಲೋಡರು ಮಣ್ಣು ಹೊತ್ತು ಹತ್ತುತ್ತಿತ್ತು. ಸೀಟಿನ ಮೇಲೆ ಧರ್ಮೇಂದ್ರ.

“ಇಳಿಯಲಾ ಕೆಳಕ್ಕೆ! ಇಳೀತೀಯೋ ಇಲ್ಲ ಕಲ್ಲು ತಗಂಡು ಒಡೀಲೋ!”

ಧರ್ಮೇಂದ್ರ ಮೆಷಿನ್ನನ್ನು ಸಮತಟ್ಟಿಗೆ ತಂದು, ಬಕೆಟ್ಟು ನೆಲಕ್ಕಿಟ್ಟು, ನಿಲ್ಲಿಸಿ ಇಳಿದ. “ಯಾಕ್ ಬಾವ ಇಂಗ್ ಕಿರುಚ್ತೀಯ? ರಿಪೇರಿ ಆಯ್ತು. ಯಜಮಾನ್ರು ನಿನ್ನೆನೇ ವೆಲ್ಡಿಂಗ್‌ನೋನ್ನ ಕರೆಸಿದ್ರು. ನೋಡು, ಚೈನು ಎಂಗೆ ಬಿಗಿಯಾಗದೆ.”

ಚಲುವಯ್ಯ ಮಂಡಿಯೂರಿ ನೋಡಿದ. ಮುಂದಿನ ಚಕ್ರ ಹಿಂದೆ ಸರಿಯದಂತೆ ಅದಕ್ಕೂ ಚೌಕಟ್ಟಿಗೂ ನಡುವೆ ದಪ್ಪ ಕಬ್ಬಿಣದ ತುಂಡೊಂದನ್ನಿಟ್ಟು ಬೆಸುಗೆ ಹಾಕಿಬಿಟ್ಟಿದ್ದರು. ಚೈನಿಗೆ ಕಲ್ಲು ಸಿಕ್ಕಿಕೊಂಡಾಗ ಒಳಗಿನ ದೊಡ್ಡ ಸ್ಪ್ರಿಂಗು ಚಕ್ರವನ್ನು ತುಸು ಹಿಂದಕ್ಕೆ ಬಿಟ್ಟುಕೊಡಬೇಕು. ಈಗ ಬಿಟ್ಟುಕೊಡಲು ಜಾಗವೇ ಇಲ್ಲ. ಅಂಥ ಹೊತ್ತಿನಲ್ಲಿ ಚೈನೇ ತುಂಡಾಗಬೇಕು. ಇಳಿಜಾರಿನಲ್ಲಿ ತುಂಡಾದರೆ ಮೆಷಿನ್ನು ಮಗುಚಬೇಕು.

ಹೊಂಗೆ ಮರದ ನೆರಳಿನಿಂದ ಶಿವಲಿಂಗಯ್ಯ ಎದ್ದು ಬಂದರು. “ಏನ್ಲಾ ನಿಂದು? ಮಳೆ ಬರಕ್ಕೆ ಮುಂಚೆ ಏರಿ ಮುಗೀಬೇಕು. ಕೆಲ್ಸ ನಿಲ್ಲಿಸಕ್ಕೆ ನೀನ್ಯಾರು?”

“ಇದು ರಿಪೇರಿ ಅಲ್ಲ ಯಜಮಾನ್ರೆ, ಕೊಲೆ. ಸೀಲು ತಂದಿವ್ನಿ. ಇವತ್ತು ಬಿಚ್ಚಿ ಆಕ್ತೀನಿ.”

“ಇವತ್ತು ನಿಲ್ಸಕ್ಕಾಗಕಿಲ್ಲ. ನೀನು ಓಡಿಸ್ದಿದ್ರೆ ಬುಡು, ಉಡ್ಗ ಓಡಿಸ್ತಾನೆ.” ಇಷ್ಟಕ್ಕೇ ನಿಲ್ಲಿಸಿದ್ದರೆ ಏನಾಗುತ್ತಿತ್ತೋ. ಅವರು ಸುತ್ತ ನಿಂತಿದ್ದ ಆಳುಗಳ ಕಡೆ ತಿರುಗಿ ನಕ್ಕರು. “ಇವನ್ಗೆ ಆ ನರಸಯ್ಯನ ದೆವ್ವ ಮೆಟ್ಕಂಡದೆ. ಅವನು ಕುಡ್ದು ಸತ್ತ, ಇವನು ಎದರಿ ಸಾಯ್ತಾವ್ನೆ.”

ಚಲುವಯ್ಯ ಸಾಮಾನಿನ ಪೆಟ್ಟಿಗೆ ತೆಗೆದು ದಪ್ಪ ಉಳಿ, ದೊಡ್ಡ ಸುತ್ತಿಗೆ ಎತ್ತಿಕೊಂಡ. ಮೊದಲ ಏಟು ಬೆಸುಗೆಯ ಮೇಲೆ ಬಿದ್ದಾಗ ಕೆರೆಯಂಗಳದಲ್ಲೆಲ್ಲ ಸದ್ದು ಮೊಳಗಿತು.

“ಇಡೀರ್ಲಾ ಅವನ್ನ!” ಶಿವಲಿಂಗಯ್ಯ ಕೂಗಿದರು. ಆಳುಗಳು ನಿಂತಲ್ಲೇ ನಿಂತರು. ಮುಂದೆ ಬಂದವನು ಧರ್ಮೇಂದ್ರ ಒಬ್ಬನೇ. ಅವನು ಬಾವನ ರಟ್ಟೆ ಹಿಡಿದ.

“ನಾನು ಸೀಟಿನ್ ಮೇಲೆ ಕುಂತಿದ್ದು ನಿನ್ಗೆ ಸೈಸ್ಲಿಲ್ಲ ಅಲ್ವಾ ಬಾವ? ನನ್ ಕೆಲ್ಸ ಕಳೀತಿದ್ದೀಯ!”

ಚಲುವಯ್ಯ ಅವನನ್ನು ದೂಡಿದ ರಭಸಕ್ಕೆ ಧರ್ಮೇಂದ್ರ ಮಣ್ಣಿನ ಮೇಲೆ ಕೂತುಬಿಟ್ಟ. “ನಿನ್ ಎಣ ತಂದು ನಿಮ್ಮಕ್ಕನ ಮುಂದೆ ಇಳ್ಸಕ್ಕೆ ನನ್ ಕೈಲಾಗಕಿಲ್ಲ ಕಣ್ಲಾ! ಒಂದ್ ಎಣ ಒತ್ತಿವ್ನಿ, ಸಾಕು!”

ಆಮೇಲೆ ಯಾರೂ ಹತ್ತಿರ ಹೋಗಲಿಲ್ಲ. ಬಿಸಿಲು ನೆತ್ತಿಯಿಂದ ಇಳಿಯುವವರೆಗೆ ಅವನು ಬಡಿದ. ಅಂಗೈ ಬೊಬ್ಬೆ ಒಡೆದು ಸುತ್ತಿಗೆಯ ಹಿಡಿ ಒದ್ದೆಯಾಯಿತು. ಶಿವಲಿಂಗಯ್ಯ ಬೈದು ಬೈದು ದಣಿದು ಮರದಡಿಗೆ ಹೋದರು. ಬೆಸುಗೆ ಬಿರುಕು ಬಿಟ್ಟಾಗ ಅವನು ಎಲ್ಲರನ್ನೂ ದೂರ ಸರಿಸಿ, ತಾನು ಪಕ್ಕಕ್ಕೆ ನಿಂತು ಕೊನೆಯ ಏಟು ಹಾಕಿದ. ತುಂಡು ಉದುರಿತು. ಚಕ್ರ ಹಿಂದೆ ಸರಿದು ಚೈನು ಧೊಪ್ಪೆಂದು ಜೋತುಬಿತ್ತು.

ಸೀಲು ಹಾಕಲು ಚೈನನ್ನೇ ಬಿಚ್ಚಬೇಕು. ಕೊಂಡಿಗಳನ್ನು ಜೋಡಿಸುವ ಪಿನ್ನನ್ನು ಬಡಿದು ಹೊರ ತೆಗೆದಾಗ ಅದು ಸೊಟ್ಟಗಾಗಿತ್ತು. ಧರ್ಮೇಂದ್ರ ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿದ.

“ನಿನ್ನೆ ಸಂಜೆ ಕಲ್ಲೊಂದು ಸಿಕ್ಕಾಕ್ಕಂಡು ಟಪ್ ಅಂದಿತ್ತು ಬಾವ” ಎಂದ ಮೆಲ್ಲಗೆ. “ನಾನು ಯೋಳ್ದೆ. ಯಜಮಾನ್ರು, ನಡೀತದೆ ಓಡ್ಸು ಅಂದ್ರು.”

“ಅಂದ್ರಾ? ನೀನು ಓಡಿಸ್ದಾ?”

ಧರ್ಮೇಂದ್ರ ಪಿನ್ನನ್ನು ಕೆಳಗಿಟ್ಟ. ತಾನಾಗಿ ಬಂದು ಹಾರೆಗೆ ಭುಜ ಕೊಟ್ಟ. ಇಬ್ಬರೂ ಚಕ್ರವನ್ನು ಹೊರಗೆಳೆದರು. ಸ್ಪ್ರಿಂಗಿನ ನಟ್ಟಿನ ಹತ್ತಿರ ಧರ್ಮೇಂದ್ರನ ಕೈ ಹೋದಾಗ ಚಲುವಯ್ಯ ಕೈಮೇಲೆ ಹೊಡೆದ: “ಅದ್ನ ಮುಟ್ಬ್ಯಾಡ. ಬಿಚ್ಕಂಡ್ರೆ ತಲೆ ಆರೋಯ್ತದೆ.” ಹಳೆಯ ಸೀಲು ಚೂರುಚೂರಾಗಿ ಬಂತು. ಹೊಸದನ್ನು ಕೂರಿಸಿ, ಚೈನು ಸುತ್ತಿ, ಬೇರೆ ಪಿನ್ನು ಹೊಡೆದು ಗ್ರೀಸು ಒತ್ತಿದರು. ಚೈನಿನ ಮೇಲೆ ಉದ್ದಕ್ಕೆ ಒಂದು ಸರಳು ಇಟ್ಟು, ಅದರ ಕೆಳಗೆ ಎರಡು ಬೆರಳು ಹೋಗುವಷ್ಟು ಜೋಲು ಉಳಿಸಿದರು. ಮೆಷಿನ್ನನ್ನು ಹಿಂದೆ ಮುಂದೆ ಓಡಿಸಿ ಮತ್ತೆ ನೋಡಿದರೆ ಅಷ್ಟೇ ಇತ್ತು.

ಶಿವಲಿಂಗಯ್ಯ ಬಂದು ನೋಡಿದರು. “ಆಯ್ತಲ್ಲ, ನಾಳೆಯಿಂದ ಬರ್ಬ್ಯಾಡ ನೀನು.”

“ಬರಕಿಲ್ಲ. ನರಸಯ್ಯ ಕುಡ್ದಿರ್ಲಿಲ್ಲ ಅಂತ ಇವ್ರೆಲ್ರ ಮುಂದೆ ಒಂದ್ ಮಾತು ಯೋಳ್ಬುಡಿ, ಓಯ್ತೀನಿ.”

ಅವರು ಜೀಪು ಹತ್ತಿ ಹೋದರು.

ನರಸಯ್ಯನ ಊರು ಅಲ್ಲಿಗೆ ಹತ್ತಿರವೇ. ಚಲುವಯ್ಯ ಗ್ರೀಸಿನ ಕೈಯಲ್ಲೇ ಕುಳ್ಳಮ್ಮನ ಜಗುಲಿಗೆ ಹೋಗಿ ಕೂತು ನಡೆದದ್ದೆಲ್ಲ ಹೇಳಿದ. ಅಳುತ್ತಾಳೆ ಎಂದುಕೊಂಡಿದ್ದ. ಅವಳು ಅಳಲಿಲ್ಲ.

“ಇನ್ನೂ ಅವ್ರ ಬಾಯಿ ನಿಂತಿಲ್ವಾ? ನೀನು ಕಿರುಚಿದ್ದು ಸಾಕು ಬುಡಪ್ಪ. ಇನ್ಮೇಲೆ ನಾನು ಕೇಳ್ತೀನಿ” ಎಂದಳು.

ಬೆಳಗಾಗುತ್ತಲೇ ಕುಳ್ಳಮ್ಮ ಕೆರೆಗೆ ನಡೆದಳು. ಚಲುವಯ್ಯ ಹಿಂದೆ ಹೋದ. ಜೀಪಿನಿಂದ ಇಳಿಯುತ್ತಿದ್ದ ಶಿವಲಿಂಗಯ್ಯನವರ ಮುಂದೆ ನಿಂತು, ಆಳುಗಳಿಗೆಲ್ಲ ಕೇಳುವಂತೆ ಅವಳು ಕೇಳಿದಳು: “ನನ್ ಗಂಡ ಕುಡ್ದಿದ್ದು ಕಂಡೋರ್ಯಾರು ಸ್ವಾಮಿ? ನೀವ್ ಕಂಡ್ರಾ?”

“ಏ, ನಾನೆಲ್ಲಿ ಕಾಣ್ಲಮ್ಮ. ಯಾರೋ ಅಂದಿದ್ರು...”

“ಯಾರಂದ್ರು? ಎಸ್ರು ಯೋಳಿ. ಅವ್ರ ಮನೆಗೂ ಓಯ್ತೀನಿ.”

ಶಿವಲಿಂಗಯ್ಯ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು. “ನಂಗೊತ್ತಿಲ್ಲಮ್ಮ. ನಾನು ಅಂಗೆ ಅನ್ಬಾರ್ದಿತ್ತು” ಎಂದರು, ಅವಳ ಮುಖ ನೋಡದೆ. ಅಷ್ಟೇ ಮಾತು. ಕುಳ್ಳಮ್ಮ ಅದನ್ನು ಕೇಳಿಸಿಕೊಂಡು, ಆಳುಗಳ ಮುಖಗಳನ್ನು ಒಂದೊಂದಾಗಿ ನೋಡಿ, ಸೆರಗು ಬಿಗಿದುಕೊಂಡು ಹೊರಟಳು.

ಕೆಲಸವಂತೂ ಚಲುವಯ್ಯನಿಗೆ ಮರಳಿ ಸಿಗಲಿಲ್ಲ. ಅವನು ಕೇಳಲೂ ಇಲ್ಲ. ಧರ್ಮೇಂದ್ರನೇ ಆ ಲೋಡರಿಗೆ ಡ್ರೈವರಾದ. ಬಾವನ ಸೀಟಿನಲ್ಲೇ ಕೂತ ನಾಚಿಕೆಗೆ, ಬಾವನೊಂದಿಗೆ ಮತ್ತೆ ಮಾತಾಡಲು ಅವನಿಗೆ ಒಂದು ವರ್ಷ ಬೇಕಾಯಿತು. ಚಲುವಯ್ಯ ಬೆಳ್ಳೂರು ಕ್ರಾಸಿನ ಹತ್ತಿರ ತಗಡಿನ ಶೆಡ್ಡು ಹಾಕಿ ರಿಪೇರಿಗೆ ಕೂತ. ಸುತ್ತಿನ ತಾಲ್ಲೂಕುಗಳ ಚೈನು ಮೆಷಿನ್ನುಗಳೆಲ್ಲ ಅವನ ಬೈಗುಳ ಕೇಳಲು ಬರತೊಡಗಿದವು. ಒಮ್ಮೆ ಶಿವಲಿಂಗಯ್ಯನವರ ಜೀಪೂ ಬಂದು ನಿಂತಿತು. ಲೋಡರಿನ ಬಲಗಡೆ ಚೈನು ಸಡಿಲಾಗಿದೆಯಂತೆ, ಬರಬೇಕಂತೆ. ಅವನು ಸಾಮಾನು ಎತ್ತಿಕೊಂಡು ಹೋದ. ಇಡೀ ದಿನ ಮೆಷಿನ್ನಿನ ಕೆಳಗೆ ಮಲಗಿ ಕೆಲಸ ಮುಗಿಸಿದ. ಅವರು ತಂದಿಟ್ಟ ಕಾಫಿಯನ್ನು ಮಾತ್ರ ಮುಟ್ಟಲಿಲ್ಲ.