ಹಾಳ್ವಿಕೆ ಚೌಕ

ಶ್ರೀರಂಗಪಟ್ಟಣದ ಕೋಟೆಯೊಳಗಿನ ದೊಡ್ಡ ಚೌಕದ ಇತಿಹಾಸ ಬರೆದವನು ನಾನೇ. ಪಿಯುಸಿಯಲ್ಲಿ ಇತಿಹಾಸಕ್ಕೇ ಡುಮ್ಕಿ ಹೊಡೆದವನು ಬರೆದದ್ದು, ನಂಬುವವರು ನಂಬಿ.

ಇಲ್ಲಿ ಒಂದು ಕಾಲಕ್ಕೆ ಸಿಪಾಯಿಗಳು ಕವಾಯತು ಮಾಡುತ್ತಿದ್ದರಂತೆ. ಆಮೇಲೆ ಸಂತೆ, ಜಟಕಾ ಸ್ಟ್ಯಾಂಡು, ಈಗ ಆಟೋ ಸ್ಟ್ಯಾಂಡು. ನಡುವಿನ ಅರಳಿಕಟ್ಟೆ ಮೇಲೆ ಲಕ್ಷ್ಮಿದೇವಮ್ಮಜ್ಜಿ, ಮದುವೆಯಾಗಿ ಬಂದ ವರ್ಷದಿಂದಲೂ ಸೌತೆಕಾಯಿ ಸೀಳಿ ಉಪ್ಪು-ಖಾರ ಸವರಿ ಮಾರುತ್ತ ಕೂತವಳು. ಮಗಳು ಅನಿತಳ ಮದುವೆ ಮಾತು ಮುಗಿಸಿದ್ದೂ ಆ ಕಟ್ಟೆ ಮೇಲೇ.

ಎದುರಿಗೆ ಹೋಟೆಲು ಕಟ್ಟಿಸಿದ ಧರ್ಮೇಂದ್ರ ನನ್ನ ಯಜಮಾನ, ನಾನು ಸಪ್ಲೈಯರು. ಅವನಿಗೆ ಹಕಾರದ ಹುಚ್ಚು. ಊರವರು ನುಂಗಿದ ಹಕಾರಗಳನ್ನೆಲ್ಲ ತಾನೊಬ್ಬನೇ ತುಂಬಿಕೊಡುವವನಂತೆ ಅಕ್ಕಿಗೆ 'ಹಕ್ಕಿ', ಆಟೋಗೆ 'ಹಾಟೋ' ಅನ್ನುತ್ತಿದ್ದ.

ಒಂದು ದಿನ ಅಜ್ಜಿಯ ಕುಕ್ಕೆ ಒದ್ದ. "ಅಂಗೆ, ಇಂಗೆ ಅಂತ ಕೂಗ್ತೀಯ. ಹ ಬರದ ನಾಲಿಗೆ! ನನ್ನ ಗಿರಾಕಿಗಳ ಮುಂದೆ ಕೂರಬೇಡ. ಹೇಳು ಮೇಲೆ!"

"ಏನಪ್ಪ ಏಳ್ಲಿ?" ಅಂದಳು ಅಜ್ಜಿ.

ನಾನು ನಕ್ಕುಬಿಟ್ಟೆ. ಸೌತೆಕಾಯಿ ಚರಂಡಿಗೆ ಉರುಳಿದವು, ಕಟ್ಟೆ ಸುತ್ತ ಕಬ್ಬಿಣದ ಬೇಲಿ ಬಂತು. "ಬುಡಪ್ಪ, ನಿನ್ ಹ ನಿಂಗೇ ಮುಳ್ಳಾಯ್ತದೆ," ಅಂತ ಅಜ್ಜಿ ಹೋದಳು.

ಧರ್ಮೇಂದ್ರನಿಗೆ ಚೌಕಕ್ಕೆ ತಾತನ ಹೆಸರಿಡಿಸುವ ಆಸೆ. ಭಾಷಣ ಬರೆಯಲು ನನಗೊಂದು ಮಸಾಲೆದೋಸೆ. ತಾತ ಜಟಕಾ ಕುದುರೆಗಳಿಗೆ ಹುಲ್ಲು ಮಾರಿದವರು. ನಾನು 'ಈ ಚೌಕದಲ್ಲಿ ಆಳ್ವಿಕೆ ಮಾಡಿದ ಮನೆತನ ನಮ್ಮದು' ಅಂತ ಗೀಚಿದೆ. ದೋಸೆಗೆ ಅಷ್ಟು ಬರುತ್ತದೆ. ಅಜ್ಜಿಗೂ ಓದಿ ತೋರಿಸಿದೆ. 'ಆಳ್ವಿಕೆ' ಅನ್ನುವಲ್ಲಿ "ಇನ್ನೊಂದ್ಸಲ ಓದ್ಲಾ" ಅಂದಳು.

ಸಮಾರಂಭದ ದಿನ ಅಜ್ಜಿ ಮುಂದಿನ ಸಾಲಲ್ಲೇ ಇದ್ದಳು. ಧರ್ಮೇಂದ್ರ ಮೈಕು ಹಿಡಿದು, "ಈ ಚೌಕದಲ್ಲಿ ಆ..." ಅನ್ನುತ್ತಿದ್ದಂತೆ ಕೂಗಿದಳು:

"ಹ ಬುಟ್ಬುಡ್ಬ್ಯಾಡ ಕಣಪ್ಪೋ!"

ಅವನು ಬೆಚ್ಚಿದ. "ಹಾಳ್ವಿಕೆ ಮಾಡಿದ ಮನೆತನ ನಮ್ಮದು!"

"ನಿಜ ಒಪ್ಕಂಡ್ಬುಟ್ಟ ಕಣ್ಲಾ!" ಅಂತ ಆಟೋ ನಿಂಗರಾಜು ಶಿಳ್ಳೆ ಹೊಡೆದ. ಚೌಕಕ್ಕೆ ಚೌಕವೇ ನಕ್ಕಿತು.

ನನ್ನ ಕೆಲಸ ಅವತ್ತೇ ಹೋಯಿತು. ಈಗ ಬಸ್ ಸ್ಟ್ಯಾಂಡಿನಲ್ಲಿ ನಿಂತು ಚೌಕಕ್ಕೆ ಹೋಗುವ ಆಟೋಗಳಿಗೆ ಗಿರಾಕಿ ಕೂಗುತ್ತೇನೆ: "ಹಾಳ್ವಿಕೆ, ಹಾಳ್ವಿಕೆ, ಇನ್ನಿಬ್ರು!" ಬೋರ್ಡಿನಲ್ಲಿ ತಾತನ ಹೆಸರಿದೆ, ಓದುವವರಿಲ್ಲ. ಜನ್ಮದಲ್ಲಿ ಹ ಅನ್ನದವರೂ ಇದೊಂದಕ್ಕೆ ತಪ್ಪದೆ ಹಚ್ಚುತ್ತಾರೆ.

ಕೊನೆಗೆ ಧರ್ಮೇಂದ್ರನೇ ಬೇಲಿ ಕೀಳಿಸಿ, ಅಜ್ಜಿಯ ಮುಂದೆ ನಿಂತ. "ಕಟ್ಟೆ ಮ್ಯಾಲೆ ಕೂತ್ಕಳಜ್ಜಿ. ಜನರ ಕೈಲಿ ಅಂಗೆಲ್ಲ ಕೂಗಿಸ್ಬ್ಯಾಡ."

ಅಜ್ಜಿ ಕುಕ್ಕೆ ಇಳಿಸಿ, ಸೌತೆಕಾಯಿ ಸೀಳಿ, ಖಾರ ಸ್ವಲ್ಪ ಜಾಸ್ತಿಯೇ ಸವರಿ ಅವನ ಕೈಗಿಟ್ಟಳು.

"ಅಂಗೆ ಅಲ್ಲ ಕಣಪ್ಪ," ಅಂದಳು, "ಹಂಗೆ."