ಮೈಕಕ್ಕನ ಉಪ್ಪುನೀರು

ಇಪ್ಪತ್ತೊಂದು ವರ್ಷದಿಂದ ನಿಲ್ದಾಣದ ಮೈಕಿನ ಮುಂದೆ ಕೂತು ಬಸ್ಸುಗಳ ಹೊರಡುವ ಹೊತ್ತನ್ನು ಕೂಗಿ ಹೇಳುತ್ತಿದ್ದವಳಿಗೆ ಜನ ಇಟ್ಟ ಹೆಸರು ಮೈಕಕ್ಕ. ಆಕೆಯ ಪಾಲಿಗೆ ದವಾಖಾನೆ ಎಂದರೆ ಎರಡೇ: ಅಡುಗೆಮನೆಯ ಉಪ್ಪಿನ ಡಬ್ಬಿ, ಕನ್ನಡಿಯ ಹಿಂದೆ ಸಿಕ್ಕಿಸಿಟ್ಟ ಆಸ್ಪಿರಿನ್ ಪಟ್ಟಿ.

ದಿನಾ ಬೆಳಿಗ್ಗೆ ಐದಕ್ಕೆ ಬಚ್ಚಲ ಕಿಟಕಿಯ ಬಳಿ ನಿಂತು, ಕತ್ತು ಹಿಂದಕ್ಕೆ ಚೆಲ್ಲಿ, ಬಿಸಿ ಉಪ್ಪುನೀರನ್ನು ಗಂಟಲಲ್ಲಿ ಗಳಗಳನೆ ಆಡಿಸುವಳು. ಇಡೀ ವಠಾರಕ್ಕೆ ಬೆಳಗಾಗುತ್ತಿದ್ದದ್ದೇ ಆ ಸದ್ದಿನಿಂದ. ಮೊದಲ ಬಸ್ಸು ಓಡಿಸುವ ಕೆಳಮನೆಯ ಡ್ರೈವರಣ್ಣನಂತೂ ಅಲಾರಂ ಗಡಿಯಾರಕ್ಕೆ ಕೀ ಕೊಡುವುದನ್ನೇ ಬಿಟ್ಟಿದ್ದ.

ಈಚೆಗೆ ಮೈಕಿನ ಪಕ್ಕದಲ್ಲಿ ಒಂದು ಪೆಟ್ಟಿಗೆ ಬಂದು ಕೂತಿತ್ತು. ಹೊತ್ತಿಗೆ ಸರಿಯಾಗಿ ತಾನೇ ಮಾತಾಡುವ ಪೆಟ್ಟಿಗೆ. "ನಿನ್ನ ಗಂಟಲು ಕೈಕೊಟ್ಟ ದಿನ ಇದನ್ನ ಹಚ್ತೀನಮ್ಮ. ಸರಿಹೋದ್ರೆ ಇದೇ ಖಾಯಂ," ಎಂದಿದ್ದರು ನಿಲ್ದಾಣದ ಕಂಟ್ರೋಲರು. ಕೆಟ್ಟ ಮನುಷ್ಯರಲ್ಲ, ಮೇಲಿನವರ ಆಜ್ಞೆ.

ಆ ದಿನ ಬಂದೇಬಿಟ್ಟಿತು. ಬೆಳಿಗ್ಗೆ ಎದ್ದರೆ ಗಂಟಲು ಬಾತು ಮುಚ್ಚಿಕೊಂಡಿದೆ. ಉಪ್ಪುನೀರು ಕೆನ್ನೆಗಳ ನಡುವೆ ಸದ್ದಿಲ್ಲದೆ ಸುತ್ತಿ ಹೊರಗೆ ಬಿತ್ತು.

ಗಡಿಯಾರ ರಿಪೇರಿ ಮಾಡುವ ಗಂಡ ಎರಡು ಬಿಸ್ಕತ್ತು ಹಿಡಿದು ಬಂದ. "ಮೊದಲು ಇದನ್ನ ತಿನ್ನು, ಆಮೇಲೆ ಮಾತ್ರೆ. ಮದುವೆಯಾದಾಗಿಂದ ಇದೇ ಮೊದಲ್ನೇ ಸಲ ನನ್ ಮಾತು ಮುಗಿಯೋ ತನಕ ಸುಮ್ನಿದೀಯ ನೋಡು."

ಅವಳು ಕಣ್ಣಲ್ಲೇ ಬೈದು, ಮಾತ್ರೆ ನುಂಗಿ, ಫ್ಲಾಸ್ಕಿಗೆ ಉಪ್ಪುನೀರು ತುಂಬಿಕೊಂಡು ಹೊರಟಳು.

ನಿಲ್ದಾಣದಲ್ಲಿ ಅವಳ ಪಿಸುಮಾತು ಕೇಳಿದ ಕಂಟ್ರೋಲರು ತಲೆ ತಗ್ಗಿಸಿ ಪೆಟ್ಟಿಗೆಯ ಗುಂಡಿ ಒತ್ತಿದರು. ಆರಕ್ಕೆ ಸರಿಯಾಗಿ ಜೇನಿನಂಥ ದನಿ ಹೊರಟಿತು: "ಮೊದಲ ಬಸ್ಸು ಮೂರನೇ ಅಂಕಣದಲ್ಲಿ ಸಿದ್ಧವಾಗಿದೆ." ಜನ ಗಂಟುಮೂಟೆ ಹೊತ್ತು ಓಡಿದರು. ಮೂರನೇ ಅಂಕಣದಲ್ಲಿ ಒಂದು ನಾಯಿ ಮಲಗಿತ್ತು. "ಬಸ್ಸು ಹೊರಟಿದೆ. ಶುಭ ಪ್ರಯಾಣ," ಎಂದಿತು ಪೆಟ್ಟಿಗೆ.

"ಯಾವ ಬಸ್ಸು? ನಾಯಿ ಮೇಲೆ ಕೂತು ಹೋಗೋದಾ?" ಎಂದು ಗಾಜಿನ ಕಿಂಡಿಯ ಮುಂದೆ ಗುಂಪು ಕೂಡಿತು. ಮೈಕಕ್ಕನಾದರೆ ಡ್ರೈವರು ಬಂದು ಸೀಟಿನಲ್ಲಿ ಕೂತದ್ದನ್ನು ಕಣ್ಣಾರೆ ಕಂಡ ಮೇಲೇ ಬಾಯಿ ತೆರೆಯುವವಳು. ಈಗ ಮೂಲೆಯ ವಾಶ್‌ಬೇಸಿನ್ ಬಳಿ ಫ್ಲಾಸ್ಕಿನ ನೀರು ಮುಕ್ಕಳಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಮಾತ್ರೆಯ ಕೆಲಸ ಶುರುವಾಗಿತ್ತು. ನೋವು ಮುಕ್ಕಳಿಸಿದಷ್ಟೂ ಸಡಿಲವಾಗುತ್ತಿತ್ತು.

ಆರೂ ಇಪ್ಪತ್ತಕ್ಕೆ ಡ್ರೈವರಣ್ಣ ಅಂಗಿಯ ಗುಂಡಿ ಮೇಲೆಕೆಳಗೆ ಹಾಕಿಕೊಂಡು ಏದುಸಿರು ಬಿಡುತ್ತ ಬಂದ.

"ಯಾಕಯ್ಯಾ ತಡ?" ಕಂಟ್ರೋಲರು ರಿಜಿಸ್ಟರು ತೆರೆದರು.

"ಅಕ್ಕ ಮುಕ್ಕಳಿಸಲಿಲ್ಲ ಸಾರ್."

"ಇದನ್ನ ಮೇಲಿನವರಿಗೆ ಹೆಂಗ್ ಬರೀಲಿ?" ಅವರ ಪೆನ್ನು ಗಾಳಿಯಲ್ಲೇ ನಿಂತಿತು. ಪೆಟ್ಟಿಗೆಯೋ, ಇನ್ನೂ ಬಾರದ ಎರಡನೇ ಬಸ್ಸಿಗೂ ಶುಭ ಪ್ರಯಾಣ ಕೋರುತ್ತಿತ್ತು.

ಮೈಕಕ್ಕ ಕಿಂಡಿಯಿಂದ ಬಗ್ಗಿ ನೋಡಿದಳು. ಡ್ರೈವರಣ್ಣ ಬಸ್ಸನ್ನು ಅಂಕಣಕ್ಕೆ ತಂದು ನಿಲ್ಲಿಸಿ ಸೀಟಿನಲ್ಲೇ ಕೂತಿದ್ದ. ಮೈಕನ್ನು ಹತ್ತಿರ ಎಳೆದುಕೊಂಡಳು. ಬಂದದ್ದು ತುಕ್ಕು ಹಿಡಿದ ಬಾಗಿಲಿನಂಥ ದನಿ: "ಮೊದಲ ಬಸ್ಸು... ಬಂದಿದೆ. ನಾನೇ ನೋಡಿದೀನಿ, ಹತ್ತಿ."

ಗುಂಪು ನಕ್ಕು, ಹತ್ತಿತು.

ಕಂಟ್ರೋಲರು ಏನೂ ಬರೆಯದೆ ರಿಜಿಸ್ಟರು ಮುಚ್ಚಿದರು. ಪೆಟ್ಟಿಗೆಯ ಪ್ಲಗ್ ಕಿತ್ತು, ಅದೇ ಜಾಗಕ್ಕೆ ನೀರು ಕಾಯಿಸುವ ಕೆಟಲಿನ ಪ್ಲಗ್ ಸಿಕ್ಕಿಸಿ, "ಉಪ್ಪು ತಂದಿದೀಯೇನಮ್ಮಾ?" ಎಂದರು.